ಬಸ್ಸಾರಿನ ನೀರು, ಡಬ್ಬಿಯ ಕ್ಯಾಪ್ಸೂಲ್

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ರೇಷ್ಮೆ ಮಾಡ್ತೀವಿ. ಅಪ್ಪನಿಗೆ 67 ವರ್ಷ. ಎಂಟು ತಿಂಗಳ ಹಿಂದೆ ಸ್ಟ್ರೋಕ್ ಆಯಿತು. ಬಲಗೈ ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ, ಮಾತು ಸ್ವಲ್ಪ ತೊದಲುತ್ತೆ. ಈಗೀಗ ಮರೆವು ಜಾಸ್ತಿಯಾಗಿದೆ. ಬೆಳಗ್ಗೆ ಯಾರು ಬಂದಿದ್ದರು ಅಂತ ಸಂಜೆಗೆ ನೆನಪಿರೋದಿಲ್ಲ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಮಾತ್ರೆ, ಜೊತೆಗೆ ರಕ್ತ ತೆಳು ಮಾಡುವ ಮಾತ್ರೆ ನಡೀತಿದೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಫ್ಲೇವನಾಯ್ಡ್ ಅಂತ ಒಂದು ಡಬ್ಬಿ ಕ್ಯಾಪ್ಸೂಲ್ ತಂದಿದ್ದಾನೆ. ತಿಂಗಳಿಗೆ 1,800 ರೂಪಾಯಿ. ಮಿದುಳು ಚುರುಕಾಗುತ್ತೆ, ಇನ್ನೊಂದು ಸ್ಟ್ರೋಕ್ ಆಗೋದಿಲ್ಲ ಅಂತಾನೆ. ಕೊಡಬಹುದಾ? ಅಮ್ಮನಿಗೆ 61, ಗಟ್ಟಿಮುಟ್ಟಾಗಿದ್ದಾರೆ, ಅವರಿಗೂ ಕೊಡೋದಾ? ಸೊಪ್ಪು ತಿನ್ನಬಾರದು ಅಂತ ಊರಲ್ಲಿ ಹೇಳ್ತಾರೆ, ನಿಜವಾ? ಹಿಪ್ಪುನೇರಳೆ ಹಣ್ಣಲ್ಲೂ ಇದೇ ಅಂಶ ಇದೆಯಂತೆ. ನಮ್ಮ ತೋಟದ್ದೇ ತಿನ್ನಬಹುದಾ?

ಉತ್ತರ: ಡಬ್ಬಿಯನ್ನು ಸದ್ಯಕ್ಕೆ ಮುಚ್ಚಿಡಿ. ಅಪ್ಪನಿಗೂ ಬೇಡ, ಅಮ್ಮನಿಗೂ ಬೇಡ. ಹಾಗಂತ ತಮ್ಮನ ಮೇಲೆ ರೇಗಬೇಡಿ. ಅವನು ಓದಿಕೊಂಡು ಬಂದಿರುವುದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಆ ಅರ್ಧ ನಿಜ ಎಲ್ಲಿದೆ ಅಂದರೆ, ನಿಮ್ಮ ಅಮ್ಮ ಬಸ್ಸಾರಿಗೆ ಅಂತ ಸೊಪ್ಪು ಬೇಯಿಸಿ ನೀರು ಬಸಿಯುತ್ತಾರಲ್ಲ, ಆ ನೀರಿನಲ್ಲಿದೆ.

ಫ್ಲೇವನಾಯ್ಡ್ ಅನ್ನುವುದು ಒಂದೇ ಪದಾರ್ಥದ ಹೆಸರಲ್ಲ. ಗಿಡಗಳು ಬಿಸಿಲಿನ ಹೊಡೆತ ತಡೆಯೋಕೆ, ಹುಳ ಹುಪ್ಪಟೆಯನ್ನು ದೂರ ಇಡೋಕೆ, ಬಣ್ಣ ತೋರಿಸಿ ದುಂಬಿ ಹಕ್ಕಿಗಳನ್ನು ಕರೆಯೋಕೆ ಮಾಡಿಕೊಳ್ಳುವ ದೊಡ್ಡ ಸಂಸಾರ ಅದು. ಗುರುತಿಸಿರುವ ಬಗೆಗಳೇ ಸಾವಿರಾರು. ನೇರಳೆ ಹಣ್ಣು ತಿಂದರೆ ನಾಲಿಗೆ ಕಪ್ಪಾಗುತ್ತಲ್ಲ, ಅದು ಆಂಥೋಸಯನಿನ್. ಈರುಳ್ಳಿಯಲ್ಲಿ, ನುಗ್ಗೆಸೊಪ್ಪಿನಲ್ಲಿ ಇರುವುದು ಕ್ವರ್ಸೆಟಿನ್. ಟೀ ಸೊಪ್ಪಿನ ಒಗರು ಕ್ಯಾಟೆಚಿನ್ ಗುಂಪಿನದು. ಕಿತ್ತಳೆ ತೊಳೆಗೆ ಅಂಟಿರುವ ಬಿಳಿ ನಾರಿನಲ್ಲಿ ಹೆಸ್ಪೆರಿಡಿನ್. ಒಗರು, ಸ್ವಲ್ಪ ಕಹಿ, ಇಲ್ಲಾ ಗಾಢ ನೀಲಿ ನೇರಳೆ ಬಣ್ಣ. ಈ ಮೂರರಲ್ಲಿ ಒಂದು ಕಂಡರೆ ಈ ಸಂಸಾರದವರು ಯಾರೋ ಒಬ್ಬರು ಒಳಗಿದ್ದಾರೆ ಅಂತ ಸುಮಾರಾಗಿ ಊಹಿಸಬಹುದು.

ಬಣ್ಣ ಇದ್ದ ಮಾತ್ರಕ್ಕೆ ಎಲ್ಲವೂ ಫ್ಲೇವನಾಯ್ಡ್ ಅಂದುಕೊಳ್ಳಬೇಡಿ. ಕೋಲಾರದ ಟೊಮೆಟೊ ಕೆಂಪು, ನಮ್ಮ ತುಮಕೂರು ಕಡೆಯ ಸಿದ್ದು ಹಲಸಿನ ತಾಮ್ರಗೆಂಪು, ಪರಂಗಿ ಹಣ್ಣಿನ ಬಣ್ಣ, ಇವೆಲ್ಲ ಕೆರೊಟಿನಾಯ್ಡ್ ಅನ್ನುವ ಬೇರೆ ಕುಲ. ಬೀಟ್‌ರೂಟ್ ಮತ್ತು ಕೆಂಪು ದಂಟಿನ ಬಣ್ಣ ಬೀಟಲೇನ್, ಅದು ಮತ್ತೊಂದು ಕುಲ. ಅವೂ ಒಳ್ಳೆಯವೇ. ಆದರೆ ಮಾರುವವರು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಹೇಳ್ತಾರೆ, ಅದಕ್ಕೆ ಈ ಮಾತು.

ಇವು ಮಿದುಳಿಗೆ ಹೇಗೆ ನೆರವಾಗುತ್ತವೆ? ಇಪ್ಪತ್ತು ವರ್ಷದ ಹಿಂದೆ ಕೇಳಿದ್ದರೆ ನಾನೂ ಆಂಟಿಆಕ್ಸಿಡೆಂಟ್ ಅಂತ ಹೇಳಿ ಕೈತೊಳೆದುಕೊಳ್ಳುತ್ತಿದ್ದೆ. ಮಿದುಳಿಗೆ ತುಕ್ಕು ಹಿಡಿಯುತ್ತೆ, ಇವು ತುಕ್ಕು ತಡೆಯುತ್ತವೆ ಅನ್ನೋ ಕಥೆ. ಕೇಳೋಕೆ ಚೆನ್ನಾಗಿದೆ, ಈಗ ಆ ಕಥೆ ಅಷ್ಟು ನಿಲ್ಲುವುದಿಲ್ಲ. ನಾವು ತಿಂದ ಫ್ಲೇವನಾಯ್ಡ್‌ನಲ್ಲಿ ರಕ್ತಕ್ಕೆ ನೇರವಾಗಿ ಸೇರುವುದು ತೀರಾ ಕಡಿಮೆ. ಅಷ್ಟರಿಂದ ತುಕ್ಕು ತಡೆಯೋಕೆ ಆಗೋದಿಲ್ಲ. ಬಹುಪಾಲು ದೊಡ್ಡ ಕರುಳಿಗೆ ಹೋಗುತ್ತೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ಚಿಕ್ಕಚಿಕ್ಕ ಅಂಶ ಮಾಡುತ್ತವೆ. ಅವು ರಕ್ತಕ್ಕೆ ಸೇರಿ ಒಳಗೆ ಸಂದೇಶದ ಹಾಗೆ ಕೆಲಸ ಮಾಡುತ್ತವೆ ಅನ್ನುವುದು ಈಗಿನ ತಿಳಿವಳಿಕೆ.

ಇನ್ನೊಂದು ಕೆಲಸ ರಕ್ತನಾಳದ್ದು. ಇದೇ ನಿಮ್ಮ ಅಪ್ಪನಿಗೆ ಸಂಬಂಧಪಟ್ಟದ್ದು. ರಕ್ತನಾಳದ ಒಳಗೋಡೆ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಬಿಡುತ್ತೆ. ಅದರಿಂದ ನಾಳ ಸಡಿಲಾಗಿ ಹಿಗ್ಗುತ್ತೆ. ವಯಸ್ಸಾದಂತೆ, ಬಿಪಿ ಶುಗರ್ ಬಂದಂತೆ ಈ ಶಕ್ತಿ ಕುಗ್ಗಿ ನಾಳ ಹಳೇ ಡ್ರಿಪ್ ಪೈಪಿನ ಹಾಗೆ ಬಿರುಸಾಗುತ್ತೆ. ಕೋಕೋ, ಟೀ, ಬೆರ್ರಿ ಹಣ್ಣುಗಳ ಫ್ಲೇವನಾಯ್ಡ್ ಆ ಸಡಿಲವನ್ನು ಒಂದಿಷ್ಟು ವಾಪಸ್ ತರುತ್ತೆ ಅಂತ ಮನುಷ್ಯರ ಮೇಲೆಯೇ ಅಳೆದು ನೋಡಿದ್ದಾರೆ. ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು, ಆದರೆ ನಾವು ಉಸಿರಾಡಿದ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಪಾಲು ಅದಕ್ಕೇ ಬೇಕು. ಪೈಪು ಚೆನ್ನಾಗಿದ್ದರೆ ತೋಟ ಚೆನ್ನಾಗಿರುತ್ತೆ, ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಈಗ ನಿಮ್ಮ ತಮ್ಮ ಓದಿರಬಹುದಾದ ಲೆಕ್ಕಗಳು. ಅಮೆರಿಕದಲ್ಲಿ ನರ್ಸ್‌ಗಳನ್ನು ದಶಕಗಟ್ಟಲೆ ಹಿಂಬಾಲಿಸಿದ ದೊಡ್ಡ ಅಧ್ಯಯನ ಇದೆ. ಅದರಲ್ಲಿ 70 ದಾಟಿದ 16,010 ಮಹಿಳೆಯರ ನೆನಪಿನ ಶಕ್ತಿ ಅಳೆದು 2012ರಲ್ಲಿ ಪ್ರಕಟಿಸಿದರು. ಸ್ಟ್ರಾಬೆರ್ರಿ, ಬ್ಲೂಬೆರ್ರಿ ಜಾಸ್ತಿ ತಿನ್ನುತ್ತಿದ್ದವರಲ್ಲಿ ಮಿದುಳಿನ ಮುಪ್ಪು ಎರಡೂವರೆ ವರ್ಷದವರೆಗೂ ನಿಧಾನವಾದ ಹಾಗೆ ಕಂಡಿತು. 2021ರಲ್ಲಿ ಗಂಡಸರೂ ಹೆಂಗಸರೂ ಸೇರಿ 77,000 ಜನರ ಲೆಕ್ಕ ಬಂತು. ದಿನಕ್ಕೆ ಸುಮಾರು 600 ಮಿಲಿಗ್ರಾಂ ಫ್ಲೇವನಾಯ್ಡ್ ತಿನ್ನುವವರಲ್ಲಿ 'ನನಗೆ ಮರೆವು ಬರ್ತಿದೆ' ಅಂತ ಹೇಳಿಕೊಳ್ಳುವ ಸಂಭವ, 150 ಮಿಲಿಗ್ರಾಂ ತಿನ್ನುವವರಿಗಿಂತ ನೂರಕ್ಕೆ 20ರಷ್ಟು ಕಡಿಮೆ ಇತ್ತು. ಸ್ಟ್ರೋಕಿಗೂ ಒಂದು ಲೆಕ್ಕ ಇದೆ. 69,622 ಮಹಿಳೆಯರನ್ನು 14 ವರ್ಷ ನೋಡಿದಾಗ, ಕಿತ್ತಳೆ ಜಾತಿ ಹಣ್ಣಿನಲ್ಲಿರುವ ಫ್ಲೇವನೋನ್ ಅನ್ನುವ ಬಗೆಯ ಫ್ಲೇವನಾಯ್ಡ್ ಜಾಸ್ತಿ ತಿಂದವರಲ್ಲಿ ರಕ್ತ ಹೆಪ್ಪುಗಟ್ಟಿ ಆಗುವ ಸ್ಟ್ರೋಕ್ ನೂರಕ್ಕೆ 19ರಷ್ಟು ಕಡಿಮೆ.

ಇಷ್ಟು ಓದಿದರೆ ಯಾರಿಗಾದರೂ ಡಬ್ಬಿ ಕೊಳ್ಳಬೇಕು ಅನ್ನಿಸುತ್ತೆ. ಸ್ವಲ್ಪ ತಾಳಿ. ಬ್ಲೂಬೆರ್ರಿ ತಿನ್ನುವವರು ಬರೀ ಬ್ಲೂಬೆರ್ರಿ ತಿನ್ನುವುದಿಲ್ಲ. ಅವರ ಕೈಲಿ ನಾಲ್ಕು ಕಾಸಿರುತ್ತೆ, ಓದಿರುತ್ತಾರೆ, ಬೆಳಗ್ಗೆ ವಾಕಿಂಗ್ ಹೋಗ್ತಾರೆ, ಬಿಪಿ ಚೆಕ್ ಮಾಡಿಸ್ತಾರೆ. ಸಂಶೋಧಕರು ಇದನ್ನೆಲ್ಲ ಕಳೆದು ಲೆಕ್ಕ ಹಾಕೋಕೆ ನೋಡ್ತಾರೆ, ಆದರೆ ಪೂರ್ತಿ ಕಳೆಯೋಕೆ ಆಗೋದಿಲ್ಲ. ಅದಕ್ಕೇ ಇನ್ನೊಂದು ಬಗೆಯ ಪರೀಕ್ಷೆ ಬೇಕು. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಕ್ಯಾಪ್ಸೂಲ್, ಇನ್ನೊಂದಕ್ಕೆ ಒಳಗೇನೂ ಇಲ್ಲದ ಕ್ಯಾಪ್ಸೂಲ್ ಕೊಟ್ಟು ಕಾಯಬೇಕು.

ಅದನ್ನೂ ಮಾಡಿದ್ದಾರೆ. ಕಾಸ್ಮೋಸ್ ಅನ್ನುವ ದೊಡ್ಡ ಪ್ರಯೋಗದ ಒಂದು ಭಾಗದಲ್ಲಿ 3,562 ಹಿರಿಯರು ಇದ್ದರು. ಕೆಲವರಿಗೆ ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್, ಅದೂ ಫ್ಲೇವನಾಯ್ಡ್ ಸಂಸಾರದ್ದೇ, ಮೂರು ವರ್ಷ. 2023ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ನೋಡಿದರೆ ನೆನಪಿನಲ್ಲಿ ಗಮನಿಸುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಮೊದಲಿಂದ ಊಟ ಚೆನ್ನಾಗಿಲ್ಲದವರಲ್ಲಿ, ದೇಹದಲ್ಲಿ ಫ್ಲೇವನಾಲ್ ಕಡಿಮೆ ಇದ್ದವರಲ್ಲಿ ನೆನಪು ಸುಧಾರಿಸಿತು. ಅದೇ ಕಾಸ್ಮೋಸಿನ ಇನ್ನೊಂದು ಭಾಗದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಕೋಕೋದಿಂದ ಮಿದುಳಿಗೆ ಏನೂ ಲಾಭ ಕಾಣಲಿಲ್ಲ. ನನಗೆ ಇದರಲ್ಲಿ ಕಾಣುವುದು ಇಷ್ಟು: ಒಣಗಿದ ಗಿಡಕ್ಕೆ ನೀರು ಹಾಕಿದರೆ ಚಿಗುರುತ್ತೆ, ನೀರಿರುವ ಗಿಡಕ್ಕೆ ಮತ್ತೆ ಹಾಕಿದರೆ ಏನೂ ಆಗೋದಿಲ್ಲ. ವಾರಕ್ಕೆ ನಾಲ್ಕು ದಿನ ಸೊಪ್ಪು ತಿನ್ನುವ ಮನೆಯಲ್ಲಿ 1,800 ರೂಪಾಯಿಯ ಕ್ಯಾಪ್ಸೂಲ್ ಆ ಎರಡನೇ ಗಿಡಕ್ಕೆ ಹಾಕಿದ ನೀರು.

ಸ್ಟ್ರೋಕ್ ಆದವರ ಮೇಲೆಯೇ ನಡೆದ ಅಧ್ಯಯನಗಳು ಚಿಕ್ಕವು. ಶಿಕಾಗೋದಲ್ಲಿ ಸ್ಟ್ರೋಕ್ ಆಗಿದ್ದ 106 ಜನರನ್ನು ಸರಾಸರಿ ಆರು ವರ್ಷದ ಹತ್ತಿರ ಗಮನಿಸಿದರು. ಸೊಪ್ಪು, ಬೆರ್ರಿ, ಕಾಳು, ಇಡೀ ಧಾನ್ಯ, ಬೀಜಗಳು ಜಾಸ್ತಿ ಇರುವ, ಬೆಣ್ಣೆ, ಸಿಹಿ, ಕರಿದದ್ದು ಕಡಿಮೆ ಇರುವ ಮೈಂಡ್ ಡಯಟ್ ಅನ್ನುವ ಊಟಕ್ಕೆ ಹತ್ತಿರ ಇದ್ದವರಲ್ಲಿ ಬುದ್ಧಿಶಕ್ತಿ ಕುಗ್ಗುವುದು ನಿಧಾನವಾಗಿತ್ತು. ಅದೇ ಊಟವನ್ನು 604 ಜನರ ಮೇಲೆ ಮೂರು ವರ್ಷ ಪ್ರಯೋಗ ಮಾಡಿದಾಗ, ಇನ್ನೊಂದು ಗುಂಪಿಗಿಂತ ದೊಡ್ಡ ವ್ಯತ್ಯಾಸ ಬರಲಿಲ್ಲ. ಇವರು ಸ್ಟ್ರೋಕ್ ಆದವರಲ್ಲ, ಜೊತೆಗೆ ಎರಡೂ ಗುಂಪಿನವರು ಊಟ ಮಿತ ಮಾಡಿ ತೂಕ ಇಳಿಸಿದ್ದರು. ಅಂದರೆ ಊಟದ ದಾರಿ ಒಳ್ಳೆಯದೇ. ಪವಾಡ ಕಾಯಬೇಡಿ.

ಪವಾಡಕ್ಕೆ ಹತ್ತಿರ ಬರುವ ಕೆಲಸ ಒಂದಿದೆ, ಅದು ಎರಡನೇ ಸ್ಟ್ರೋಕ್ ತಡೆಯೋದು. 2009ರಲ್ಲಿ ಹಲವಾರು ಅಧ್ಯಯನ ಸೇರಿಸಿ ನೋಡಿದ ಒಂದು ಲೆಕ್ಕ ನಾನು ಎಲ್ಲ ಮನೆಯವರಿಗೂ ಹೇಳ್ತೀನಿ. ಮೊದಲ ಸ್ಟ್ರೋಕ್ ಆದ ಮೇಲೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೊಸದಾಗಿ ಡಿಮೆನ್ಷಿಯಾ, ಅಂದರೆ ಬುದ್ಧಿಶಕ್ತಿಯೇ ಕುಂದುತ್ತಾ ಹೋಗುವ ಮರೆವಿನ ಕಾಯಿಲೆ, ಬರುತ್ತೆ. ಮತ್ತೆ ಸ್ಟ್ರೋಕ್ ಆದವರಲ್ಲಿ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ. ಹತ್ತರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರಿಗೆ ಏರಿದ ಆ ಅಂತರ ನೋಡಿ. ಅಪ್ಪನ ನೆನಪು ಉಳಿಸುವ ಮುಖ್ಯ ಔಷಧಿ ಬಿಪಿ ಮಾತ್ರೆ. ಸ್ಟ್ರೋಕ್ ಆದ ಬಹಳಷ್ಟು ಜನರಿಗೆ ಬಿಪಿ 130/80ರ ಒಳಗೆ ಇರಬೇಕು ಅಂತ ಡಾಕ್ಟರುಗಳು ನೋಡ್ತಾರೆ. ಆ 1,800ಕ್ಕೆ ಒಂದು ಒಳ್ಳೆ ತೋಳಿನ ಬಿಪಿ ಮಿಷನ್ ಬರುತ್ತೆ. ಎರಡನೇ ತಿಂಗಳಿಂದ ದುಡ್ಡೂ ಉಳಿಯುತ್ತೆ. ವಾರಕ್ಕೆರಡು ಸಲ ಅಳೆದು ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮತ್ತೆ ಮುಖ ಸೊಟ್ಟಗಾದರೆ, ಕೈ ಜಾರಿದರೆ, ಮಾತು ಎಡವಿದರೆ ಪಾರಿವಾಳದ ರಕ್ತ ಹಚ್ಚುವವರ ಹತ್ತಿರ ಹೋಗಬೇಡಿ, 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ. ಶಿಡ್ಲಘಟ್ಟದಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗುವ ಹೊತ್ತೂ ಅದರಲ್ಲೇ ಸೇರಿದೆ.

ಊಟಕ್ಕೆ ಬರುವ ಮುಂಚೆ ನೀವು ಬರೆಯದ ಒಂದು ವಿಷಯ ಕೇಳ್ತೀನಿ. ಅಪ್ಪ ಮುದ್ದೆ ತಿಂತಾರಾ? ನಮ್ಮ ಕಡೆ ಮುದ್ದೆ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗ್ತೀವಿ. ಸ್ಟ್ರೋಕ್ ಆದವರಲ್ಲಿ ಬಹಳ ಜನರಿಗೆ ಗಂಟಲಿನ ಸ್ನಾಯು ಸೋತಿರುತ್ತೆ. ಮಾತು ತೊದಲುತ್ತೆ ಅಂದಿದ್ದೀರಿ, ಅದಕ್ಕೇ ಅನುಮಾನ. ಅಂಟುವ ಉಂಡೆ, ಜೊತೆಗೆ ನೀರಾದ ಸಾರು. ಸೋತ ಗಂಟಲಿಗೆ ಇದಕ್ಕಿಂತ ಕಷ್ಟದ ಜೋಡಿ ಇನ್ನೊಂದಿಲ್ಲ. ಗುಬ್ಬಿ ತಾಲ್ಲೂಕಿನಲ್ಲಿದ್ದ ನನ್ನ ಸೋದರಮಾವನಿಗೆ ಸ್ಟ್ರೋಕ್ ಆದ ಮೂರನೇ ವಾರಕ್ಕೆ ನಾವೇ ಪ್ರೀತಿಯಿಂದ ಮುದ್ದೆ ಕೊಟ್ಟೆವು. ಊಟದಲ್ಲಿ ಕೆಮ್ಮುತ್ತಿದ್ದರು, ನೆತ್ತಿಗೇರಿತು ಅಂದುಕೊಂಡು ತಲೆ ತಟ್ಟಿದೆವು. ಮುದ್ದೆಯ ಚೂರು, ಸಾರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ನಾನು ಆಗಲೇ ಡಾಕ್ಟರಾಗಿದ್ದೆ ಅನ್ನೋದನ್ನೂ ಹೇಳಿಬಿಡ್ತೀನಿ.

ಹಾಗಾಗಿ ಊಟದ ಹೊತ್ತಲ್ಲಿ ಗಮನಿಸಿ. ಕೆಮ್ಮು ಬರುತ್ತಾ, ನೀರು ಕುಡಿದ ಮೇಲೆ ದನಿ ಗೊರಗೊರ ಅನ್ನುತ್ತಾ, ತುತ್ತು ಒಂದು ಕೆನ್ನೆಯಲ್ಲೇ ಉಳಿದಿರುತ್ತಾ, ಆಗಾಗ ಜ್ವರ ಬರುತ್ತಾ. ಒಂದು ಇದ್ದರೂ ಸ್ಪೀಚ್ ಥೆರಪಿಸ್ಟ್ ಹತ್ತಿರ ನುಂಗುವ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಮುದ್ದೆ ಬದಲು ರಾಗಿಯನ್ನೇ ಗಟ್ಟಿ ಗಂಜಿ ಮಾಡಿ, ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ ಕೊಡಿ. ರಾಗಿಯ ಪಾಲಿಫಿನಾಲ್‌ಗಳು, ಅಂದರೆ ಫ್ಲೇವನಾಯ್ಡ್ ಕೂಡ ಸೇರಿರುವ ದೊಡ್ಡ ಗುಂಪು, ಬಹುಪಾಲು ಕಾಳಿನ ಕೆಂಪು ಸಿಪ್ಪೆಯಲ್ಲಿರುತ್ತವೆ. ಹಿಟ್ಟನ್ನು ಬೆಳ್ಳಗೆ ಬರುವ ಹಾಗೆ ಜರಡಿ ಹಿಡಿದರೆ ಅದೇ ಹೋಗಿಬಿಡುತ್ತೆ.

ಇನ್ನು ಬಸ್ಸಾರು. ಸೊಪ್ಪು, ಕಾಳು ಬೇಯಿಸಿದಾಗ ಫ್ಲೇವನಾಯ್ಡ್‌ನಲ್ಲಿ ಒಂದು ಪಾಲು ನೀರಿಗೆ ಬಿಡುತ್ತೆ. ಪಟ್ಟಣದ ಕೆಲವು ಮನೆಗಳಲ್ಲಿ ಆ ನೀರು ಸಿಂಕಿಗೆ ಹೋಗುತ್ತೆ. ನಮ್ಮಲ್ಲಿ ಅದನ್ನು ಬಸಿದು, ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಜೀರಿಗೆ ಹುರಿದು ರುಬ್ಬಿದ ಖಾರ ಹಾಕಿ ಸಾರು ಮಾಡ್ತಾರೆ, ಬೆಂದ ಸೊಪ್ಪು ಕಾಳು ಪಲ್ಯ ಆಗುತ್ತೆ. ಯಾವ ಲ್ಯಾಬೂ ಹೇಳದೆಯೇ ನಮ್ಮ ಅಜ್ಜಿಯರು ಒಂದು ಹನಿಯೂ ಚೆಲ್ಲಲಿಲ್ಲ. ಬೆರಕೆ ಸೊಪ್ಪು ಇದಕ್ಕೆ ಚೆನ್ನ. ಹೊನಗೊನೆ, ದಂಟು, ಗಣಿಕೆ, ನುಗ್ಗೆ, ಹೊಲದ ಬದುವಿನಲ್ಲಿ ಸಿಕ್ಕಿದ್ದು. ಒಂದೇ ಬಗೆಯ ಫ್ಲೇವನಾಯ್ಡ್ ರಾಶಿ ತಿನ್ನುವುದಕ್ಕಿಂತ ಹತ್ತು ಬಗೆ ಸ್ವಲ್ಪ ಸ್ವಲ್ಪ ತಿನ್ನುವುದು ಮೇಲು. ಜೊತೆಗೆ ಹುರುಳಿ, ಅವರೆ, ಅಲಸಂದೆ. ಕಾಳಿನ ಸಿಪ್ಪೆಯಲ್ಲೂ ಇವು ಇರುತ್ತವೆ. ಬದನೆಕಾಯಿ ಸಿಪ್ಪೆ ತೆಗೆಯಬೇಡಿ, ಆ ನೇರಳೆ ಬಣ್ಣವೇ ಆಂಥೋಸಯನಿನ್. ಈರುಳ್ಳಿ ಸುಲಿಯುವಾಗ ಒಣ ಸಿಪ್ಪೆ ಮಾತ್ರ ತೆಗೆಯಿರಿ. ಹೊರಗಿನ ಎರಡು ಪದರದಲ್ಲೇ ಕ್ವರ್ಸೆಟಿನ್ ಜಾಸ್ತಿ. ನಿಮ್ಮ ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಗುಲಾಬಿ ಈರುಳ್ಳಿ ಸಿಕ್ಕರೆ ಇನ್ನೂ ಒಳ್ಳೆಯದು.

ತೊಂದರೆ ಒಂದೇ, ಉಪ್ಪು. ಉಪ್ಸಾರು ಅನ್ನುವ ಹೆಸರಲ್ಲೇ ಇದೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚ. ಸೊಪ್ಪು ಬೇಯಿಸುವಾಗ ಒಂದು ಸಲ, ಒಗ್ಗರಣೆಗೆ ಒಂದು ಸಲ, ಆಮೇಲೆ ಉಪ್ಪಿನಕಾಯಿ, ಹಪ್ಪಳ. ಹೀಗೆ ಹೋದರೆ ಸೊಪ್ಪು ಕೊಟ್ಟದ್ದನ್ನು ಉಪ್ಪು ಕಿತ್ತುಕೊಳ್ಳುತ್ತೆ. ಅಪ್ಪನ ಸಾರಿಗೆ ಉಪ್ಪು ಅರ್ಧ ಮಾಡಿ, ಹುಣಸೆಹುಳಿ, ನಿಂಬೆ, ಕೊತ್ತಂಬರಿ ಒಂಚೂರು ಜಾಸ್ತಿ ಹಾಕಿ. ಎರಡು ವಾರ ಗೊಣಗ್ತಾರೆ, ಆಮೇಲೆ ನಾಲಿಗೆ ಹೊಂದಿಕೊಳ್ಳುತ್ತೆ.

ಸೊಪ್ಪು ತಿನ್ನಬಾರದು ಅನ್ನುವ ಮಾತು ಎಲ್ಲಿಂದ ಬಂತು ಅಂದರೆ, 'ರಕ್ತ ತೆಳು ಮಾಡುವ ಮಾತ್ರೆ' ಅಂತ ನಾವು ಎರಡು ಬೇರೆ ಬೇರೆ ಜಾತಿಗೆ ಒಂದೇ ಹೆಸರು ಇಟ್ಟಿದ್ದೇವೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಒಂದು ಜಾತಿ. ಸೊಪ್ಪಿಗೂ ಇವಕ್ಕೂ ಜಗಳ ಇಲ್ಲ. ವಾರ್ಫರಿನ್, ಅಸಿಟ್ರೋಮ್ ಇನ್ನೊಂದು ಜಾತಿ. ಇವುಗಳನ್ನು ತಗೊಳ್ಳುವವರು ಐಎನ್ಆರ್ ಅನ್ನುವ ರಕ್ತ ಪರೀಕ್ಷೆ ಮಾಡಿಸ್ತಾ ಇರ್ತಾರೆ. ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಯ ಕೆಲಸ ಕಡಿಮೆ ಮಾಡುತ್ತೆ. ಅವರೂ ಸೊಪ್ಪು ಬಿಡಬೇಕಾಗಿಲ್ಲ. ವಾರ ವಾರವೂ ಒಂದೇ ಅಳತೆಯಲ್ಲಿ ತಿನ್ನಬೇಕು, ಇದ್ದಕ್ಕಿದ್ದಂತೆ ಏರಿಳಿಸಬಾರದು. ಮಾತ್ರೆ ಪಟ್ಟಿ ನೋಡಿ ಅಪ್ಪನದು ಯಾವುದು ಅಂತ ತಿಳಿದುಕೊಳ್ಳಿ. ಶುಗರ್ ಬಿಪಿಯಿಂದ ಕಿಡ್ನಿಗೆ ಏಟು ಬಿದ್ದಿದ್ದರೆ ಮಾತ್ರ ಸೊಪ್ಪು ಹಣ್ಣಿನ ಪೊಟ್ಯಾಸಿಯಂ ಲೆಕ್ಕ ಡಾಕ್ಟರ್ ಹತ್ತಿರ ಕೇಳಲೇಬೇಕು.

ಹಣ್ಣಿಗೆ ಬ್ಲೂಬೆರ್ರಿ ಹುಡುಕಿಕೊಂಡು ಹೋಗಬೇಡಿ. ನಿಮ್ಮ ಜಿಲ್ಲೆಯಲ್ಲೇ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೀತಾರೆ. ಮೈಮೇಲೆ ಬೂದಿ ಹಚ್ಚಿದಂತಿರುವ, ಬೀಜ ಇರುವ, ಸಿಪ್ಪೆ ಬಿಚ್ಚಿಕೊಳ್ಳುವ ಆ ಹಳೇ ಕಪ್ಪು ದ್ರಾಕ್ಷಿ. ಅಮೆರಿಕದಲ್ಲಿ ಮರೆವಿನ ಅಧ್ಯಯನಕ್ಕೆ ಬಳಸಿದ ಕಾಂಕರ್ಡ್ ದ್ರಾಕ್ಷಿಗೆ ಇದು ಹತ್ತಿರದ ನೆಂಟ. ಅಲ್ಲಿ ಹನ್ನೆರಡೇ ಜನರ ಮೇಲೆ ನೋಡಿದ್ದು, ಅದಕ್ಕೇ ಹಿಗ್ಗಬೇಡಿ. ಆದರೆ ಹಣ್ಣು ಒಳ್ಳೆಯದೇ. ಸಿಪ್ಪೆ ಉಗಿಯಬೇಡಿ, ಬಣ್ಣ ಇರುವುದೇ ಅಲ್ಲಿ. ಔಷಧಿ ಹೊಡೆದಿರುತ್ತಾರೆ, ಉಪ್ಪುನೀರಿನಲ್ಲಿ ನೆನೆಸಿ ಚೆನ್ನಾಗಿ ತೊಳೆಯಿರಿ. ಬೇಸಿಗೆ ಮುಗಿದ ಮೇಲೆ ನೇರಳೆ ಹಣ್ಣು. ಎರಡಕ್ಕೂ ಬೀಜ ತೆಗೆದೇ ಅಪ್ಪನಿಗೆ ಕೊಡಬೇಕು. ಜ್ಯೂಸ್ ಮಾಡಿ ಸೋಸಬೇಡಿ. ಸಕ್ಕರೆ ಉಳಿದು ಸರಕು ಹೋಗುತ್ತೆ.

ಒಂದು ಹಣ್ಣಿಗೆ ಮಾತ್ರ ಎಚ್ಚರಿಕೆ, ಅದೂ ನಿಮ್ಮ ಪಕ್ಕದ ಊರಿನದ್ದೇ. ದೇವನಹಳ್ಳಿ ಚಕ್ಕೋತ. ಫ್ಲೇವನಾಯ್ಡ್ ತುಂಬಿರುವ ಹಣ್ಣು, ಆದರೆ ಗ್ರೇಪ್‌ಫ್ರೂಟ್ ಅನ್ನುವ ವಿದೇಶಿ ಹಣ್ಣಿನ ತಾಯಿ ಇದು. ಗ್ರೇಪ್‌ಫ್ರೂಟಿನಲ್ಲಿರುವ ಒಂದು ಅಂಶ ಕೆಲವು ಮಾತ್ರೆಗಳನ್ನು ದೇಹ ಅರಗಿಸಿಕೊಳ್ಳದ ಹಾಗೆ ಮಾಡುತ್ತೆ. ಅಟೋರ್ವಾಸ್ಟಾಟಿನ್ ಅನ್ನುವ ಕೊಲೆಸ್ಟ್ರಾಲ್ ಮಾತ್ರೆ ರಕ್ತದಲ್ಲಿ ಏರುತ್ತೆ, ಕ್ಲೋಪಿಡೋಗ್ರೆಲ್ ಕೆಲಸ ಕುಗ್ಗುತ್ತೆ. ಚಕ್ಕೋತದಲ್ಲೂ ಆ ಜಾತಿಯ ಅಂಶ ಇದೆ. ಅಪ್ಪನಿಗೆ ಚಕ್ಕೋತ ಬೇಡ, ಅಮ್ಮ ತಿನ್ನಲಿ. ಅಪ್ಪನಿಗೆ ಮಾಮೂಲಿ ಕಿತ್ತಳೆ ಸಾಕು, ಬಿಳಿ ನಾರಿನ ಸಮೇತ.

ಟೀ ಬಿಡಿಸಬೇಕಾಗಿಲ್ಲ. ನಮ್ಮ ಜನಕ್ಕೆ ಫ್ಲೇವನಾಯ್ಡ್ ಸಿಗುವ ದೊಡ್ಡ ದಾರಿಗಳಲ್ಲಿ ಟೀ ಒಂದು. ಹಾಲು ಹಾಕಿದರೆ ಗುಣ ಹೋಗುತ್ತೆ ಅನ್ನುವುದಕ್ಕೆ ಪರವೂ ವಿರೋಧವೂ ಅಧ್ಯಯನಗಳಿವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸಕ್ಕರೆಗೆ ಕೆಡಿಸಿಕೊಳ್ಳಿ. ದಿನಕ್ಕೆ ಎರಡು ಲೋಟ, ಊಟದ ಜೊತೆ ಬೇಡ, ಕಬ್ಬಿಣದ ಅಂಶ ಹೀರುವುದಕ್ಕೆ ಅಡ್ಡ ಬರುತ್ತೆ. ಆದರೆ ಗ್ರೀನ್ ಟೀ ಆರೆಂಟು ಕಪ್ ಕುಡಿಯಿರಿ ಅನ್ನುವ ಪೇಟೆ ಸಲಹೆ ನಮ್ಮ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಿಗೆ ಹೊಂದುವುದಿಲ್ಲ. ಟೀ ಗಿಡ ಮಣ್ಣಿನ ಫ್ಲೋರೈಡನ್ನು ಎಲೆಯಲ್ಲಿ ಕೂಡಿಡುತ್ತೆ. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆ ಬೋರ್‌ವೆಲ್ ನೀರಿನಲ್ಲಿ ಮೊದಲೇ ಫ್ಲೋರೈಡ್ ತೊಂದರೆ. ಟೀಗೂ ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ.

ಕ್ಯಾಪ್ಸೂಲ್ ಯಾಕೆ ಬೇಡ ಅಂತ ಈಗ ಹೇಳೋಕೆ ಸುಲಭ. ಊಟದಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ, ಇಡೀ ದಿನ ಹರಡಿಕೊಂಡು ಬರುವುದನ್ನು ಕ್ಯಾಪ್ಸೂಲ್ ಒಂದೇ ಗುಕ್ಕಿಗೆ ತುರುಕುತ್ತೆ. ಗ್ರೀನ್ ಟೀ ಸಾರದ ಕ್ಯಾಪ್ಸೂಲಿನಲ್ಲಿ ಇಜಿಸಿಜಿ ಅನ್ನುವ ಕ್ಯಾಟೆಚಿನ್ ದಿನಕ್ಕೆ 800 ಮಿಲಿಗ್ರಾಂ ಮೀರಿದರೆ ಲಿವರಿಗೆ ಏಟು ಬೀಳಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ. ಇಂಥ ಮಿದುಳಿನ ಡಬ್ಬಿಗಳಲ್ಲಿ ಗಿಂಕೋ ಎಲೆಯ ಸಾರವನ್ನೂ ಸೇರಿಸುವುದುಂಟು. ಆಸ್ಪಿರಿನ್ ಜೊತೆ ಅದು ಸೇರಿದರೆ ರಕ್ತಸ್ರಾವದ ಭಯ. ಡಬ್ಬಿಯ ಹಿಂದಿನ ಚೀಟಿಯ ಫೋಟೋ ತೆಗೆದು ಮುಂದಿನ ಸಲ ಡಾಕ್ಟರಿಗೆ ತೋರಿಸಿ.

ಮರೆವಿನ ವಿಷಯ. ಎಲ್ಲವನ್ನೂ ಸ್ಟ್ರೋಕಿನ ತಲೆಗೆ ಕಟ್ಟಬೇಡಿ. ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ತಿದ್ದರೆ ವರ್ಷಗಳಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು, ಅದರಿಂದಲೂ ಮರೆವು ಬರುತ್ತೆ, ಸರಿಮಾಡಬಹುದು. ಥೈರಾಯ್ಡ್ ನೋಡಿಸಿ. ಕಿವಿ ಸರಿಯಾಗಿ ಕೇಳುತ್ತಾ ನೋಡಿ, ಕೇಳಿಸದೇ ಇದ್ದದ್ದು ನೆನಪಿರೋದು ಹೇಗೆ ಅಲ್ವಾ? ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತೆ. ಹುಳು ಸಾಕಣೆ ಮನೆ ನಡೆಸಿದ್ದ ಮನುಷ್ಯ ಎಂಟು ತಿಂಗಳಿಂದ ಸುಮ್ನೆ ಕೂತಿದ್ದಾರೆ. ಅದಕ್ಕೂ ಔಷಧಿ ಇದೆ. ದೂರ ಹೋಗಬೇಕಾಗಿಲ್ಲ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ಯಾವ ದಿನ ಅಂತ ವಿಚಾರಿಸಿ. ಶ್ರೀನಿವಾಸಪುರದ ಹಳ್ಳಿಗಳಲ್ಲಂತೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹತ್ತು ಸಾವಿರ ಜನರನ್ನು ಗುರಿಯಾಗಿಟ್ಟುಕೊಂಡು ಮುಪ್ಪಿನ ಮಿದುಳಿನ ಅಧ್ಯಯನ ಮಾಡ್ತಿದ್ದಾರೆ. ಬ್ಲೂಬೆರ್ರಿ ತಿನ್ನುವವರ ಲೆಕ್ಕ ನೋಡಿ ಮುದ್ದೆ ತಿನ್ನುವವರಿಗೆ ಸಲಹೆ ಕೊಡುವ ನಮ್ಮ ಕಷ್ಟ ಅದರಿಂದ ಸ್ವಲ್ಪ ಕಡಿಮೆಯಾದೀತು.

ಅಮ್ಮನ ಬಗ್ಗೆ ಒಂದು ಮಾತು ಕೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಪಲ್ಯವೆಲ್ಲ ಗಂಡಸರ ತಟ್ಟೆಗೆ ಹೋಗಿ, ತಳದ ಸಾರು, ಉಪ್ಪಿನಕಾಯಿ, ತಣ್ಣಗಾದ ಅನ್ನ ಯಾರ ಪಾಲಿಗೆ? ಕಾಸ್ಮೋಸಿನಲ್ಲಿ ಲಾಭ ಆದದ್ದು ಊಟ ಸರಿ ಇಲ್ಲದವರಿಗೆ ಅಂದೆನಲ್ಲ. ನಿಮ್ಮ ಮನೆಯಲ್ಲಿ ಅಂಥವರು ಅಪ್ಪನಲ್ಲ, ಅಮ್ಮ ಇರಬಹುದು. ಅವರಿಗೆ ಬೇಕಾದದ್ದು ಒಂದು ಸೌಟು ಪಲ್ಯ, ಮೊದಲೇ ಎತ್ತಿಟ್ಟದ್ದು. 61ಕ್ಕೆ ಬಿಪಿ, ಶುಗರ್ ಒಂದು ಸಲ ನೋಡಿಸಿ.

ಕೊನೆಗೆ ನಿಮ್ಮ ಹಿಪ್ಪುನೇರಳೆ. ಹೌದು, ಕಪ್ಪಗೆ ಮಾಗಿದ ಹಣ್ಣಿನಲ್ಲಿ ಆಂಥೋಸಯನಿನ್ ಧಾರಾಳ. ಆದರೆ ಸೊಪ್ಪಿಗಾಗಿ ಪದೇಪದೇ ಕಟಾವು ಮಾಡುವ ತೋಟದಲ್ಲಿ ಹಣ್ಣು ಮಾಗೋಕೆ ಪುರುಸೊತ್ತೇ ಇರೋದಿಲ್ಲ. ಎಲೆಸುರುಳಿ ಹುಳಕ್ಕೆ ಔಷಧಿ ಹೊಡೆದಿದ್ದರೆ ಆ ಸಾಲಿನದು ಮುಟ್ಟಲೇಬೇಡಿ. ಬೇಲಿ ಪಕ್ಕದಲ್ಲಿ ನಾಲ್ಕು ಗಿಡ ಕತ್ತರಿಸದೆ, ಔಷಧಿ ಹೊಡೆಯದೆ ಬಿಡಿ. ಹಣ್ಣು ಕಪ್ಪಾದಾಗ ಅಪ್ಪನನ್ನು ಕೈಹಿಡಿದು ಕರೆದುಕೊಂಡು ಹೋಗಿ. ಕೀಳುವ ಕೆಲಸ ಅವರಿಗೇ ಬಿಡಿ, ಬಲಗೈಯಲ್ಲೇ. ಜೋರಾಗಿ ಹಿಡಿದರೆ ಹಣ್ಣು ಅಪ್ಪಚ್ಚಿ, ಸಡಿಲ ಹಿಡಿದರೆ ನೆಲಕ್ಕೆ. ಸೋತ ಬೆರಳಿಗೆ ಒಳ್ಳೆ ವ್ಯಾಯಾಮ. ಶುಗರ್ ಇರುವುದರಿಂದ ಒಂದು ಹಿಡಿ ಸಾಕು. ಸಂಜೆ ಕೇಳಿ ನೋಡಿ, ಬೆಳಗ್ಗೆ ಎಲ್ಲಿಗೆ ಹೋಗಿದ್ವಿ ಅಂತ. ನೆನಪಾಗದಿದ್ದರೆ ಅವರ ಬೆರಳನ್ನೇ ಅವರಿಗೆ ತೋರಿಸಿ. ಆ ಕಲೆ ಅಷ್ಟು ಬೇಗ ಹೋಗುವುದಿಲ್ಲ.